ಹೂಂ ಅಂದರೆ ಮಾತ್ರ ಅಂಕ

ಛತ್ರಪತಿ ಸಂಭಾಜಿನಗರದ ಒಂದು ಕಾಲೇಜಿನಲ್ಲಿ ಲತಾ ಮೇಡಂ ಇಂಗ್ಲಿಷ್ ಕಲಿಸುತ್ತಾರೆ. ಭಾಲ್ಕಿ ಕಡೆಯವರು. ಚಿಕಲಠಾಣಾದಿಂದ ಸ್ಕೂಟಿಯ ಮೇಲೆ ಬರುತ್ತಾರೆ. ಹೆಲ್ಮೆಟ್ ತೆಗೆಯುವ ಮೊದಲೇ ಎದುರಿಗೆ ಸಿಕ್ಕವರಿಗೆ ಒಂದು ಪ್ರಶ್ನೆ ಎಸೆದಿರುತ್ತಾರೆ.

ಬರೆಯುವ ಪರೀಕ್ಷೆಯ ಜೊತೆ ಅಲ್ಲಿ ಇಪ್ಪತ್ತು ಅಂಕದ ಪ್ರೆಸೆಂಟೇಶನ್ ಇರುತ್ತದೆ. ಎಂಟು ನಿಮಿಷ ಎಲ್ಲರೆದುರು ನಿಂತು ಇಂಗ್ಲಿಷಿನಲ್ಲಿ ಒಂದು ವಿಷಯ ಹೇಳಬೇಕು. ಮೇಡಂ ಅದಕ್ಕೊಂದು ಪದ್ಧತಿ ಸೇರಿಸಿದ್ದಾರೆ: ಕೊನೆಯ ಬೆಂಚಿನಲ್ಲಿ ಒಬ್ಬರು ಹೂಂ ಅನ್ನಲು ಕೂರಬೇಕು. ತಿಳಿದರೆ ಹೂಂ, ತಿಳಿಯದಿದ್ದರೆ ಮೌನ. ಹೂಂ ನಿಂತಿತೋ, ಹೇಳುವವರು ಮುಂದೆ ಹೋಗುವಂತಿಲ್ಲ. ಅದನ್ನೇ ಬೇರೆ ರೀತಿ ಹೇಳಬೇಕು. ಇದು ಅವರ ಅಜ್ಜಿ ಕಾಶಿಬಾಯಿಯ ಕಾನೂನು. ಕಥೆ ಕೇಳುವ ಮಕ್ಕಳ ಹೂಂ ನಿಂತರೆ ಆ ಅಜ್ಜಿ ರಾಜಕುಮಾರನನ್ನು ಹೊಳೆಯ ನಡುವೆಯೇ ಬಿಟ್ಟು, ಅಡಕೆ ಕತ್ತರಿಸುತ್ತ ಕೂತುಬಿಡುತ್ತಿದ್ದರಂತೆ.

ಈ ವರ್ಷ ನಿಶ್ಮಿತಾಳ ಸರದಿ ಬಂತು. ನಾಸಿಕ್‌ನಲ್ಲಿ ಅವಳ ಮನೆಯವರ ಉಡುಪಿ ಹೋಟೆಲಿದೆ; ಹುಡುಗಿ ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಬರೆಯುವುದರಲ್ಲಿ ಜಾಣೆ, ಎದ್ದು ನಿಂತರೆ ನಾಲಿಗೆ ಒಣಗುತ್ತದೆ. ಪ್ರೆಸೆಂಟೇಶನ್‌ನಲ್ಲಿ ಎರಡು ಸಲ ಫೇಲಾಗಿದ್ದಳು. ಪಾಸಾಗಲು ಎಂಟು ಅಂಕ ಬೇಕು. ಈ ಸಲವೂ ಹೋದರೆ ಡಿಗ್ರಿ ಇನ್ನೊಂದು ವರ್ಷ ಮುಂದಕ್ಕೆ. ಹೊರಗಿನ ಪರೀಕ್ಷಕರೂ ಬಂದು ಕೂತಿದ್ದರು. ಹೂಂ ಅನ್ನುವ ಪಾಳಿ ಅವಳ ಗೆಳೆಯ, ಕಲಬುರಗಿ ಮನೆತನದ ಗುರುಬಸವನದು. ಇನ್ನೇನು ಚಿಂತೆ ಅಂದುಕೊಂಡಳು.

ಸಂವಹನದ ಮಹತ್ವ ಎಂಬ ವಿಷಯ. ಯಾರೋ ಬರೆದದ್ದನ್ನು ಮೊಬೈಲಿನಿಂದ ಇಳಿಸಿಕೊಂಡು ಬಾಯಿಪಾಠ ಮಾಡಿದ್ದಳು. ಶುರು ಮಾಡಿದಳು ನೋಡಿ, ಅವಳಪ್ಪನ ಹೋಟೆಲಿನ ಮಾಣಿ ಟೇಬಲ್ಲಿನ ಮುಂದೆ ನಿಂತು ಇಡ್ಲಿ-ವಡೆ-ದೋಸೆ-ಉಪ್ಪಿಟ್ಟು ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾನಲ್ಲ, ಹಾಗೆ! ಕೊನೆಯ ಬೆಂಚಿನಿಂದ ಸದ್ದೇ ಇಲ್ಲ. ಅವಳು ಅದನ್ನೇ ಮತ್ತೆ ಒಪ್ಪಿಸಿದಳು. ಆಗಲೂ ಇಲ್ಲ. ಎರಡು ನಿಮಿಷ ಕಳೆದಿತ್ತು. ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು.

“ಹೂಂ ಅನ್ನು ಮಾರಾಯ! ಎಂತ ಕಲ್ಲಿನ ಹಾಗೆ ಕೂತಿದ್ದಿ?”

“ತಿಳೀಲಾರದ್ದಕ್ಕ ಹ್ಯಾಂಗ ಹೂಂ ಅನ್ಲಿ?” ಗುರುಬಸವ ತಲೆ ತಗ್ಗಿಸಿಯೇ ಅಂದ. “ನಿನಗರೆ ತಿಳದದೇನು?”

ಕನ್ನಡ ಬಲ್ಲ ನಾಲ್ಕು ಮಂದಿ ನಕ್ಕರು. ಲತಾ ಮೇಡಂ ನಗಲಿಲ್ಲ. “ನಿಮ್ಮ ಹೋಟೆಲ್‌ನ್ಯಾಗ ಎದಕ್ಕ ಎಲ್ಲಾರೂ ಅಂಜ್ತಾರ, ನಿಶ್ಮಿತಾ?”

“ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುದಿಲ್ಲ, ಮೇಡಂ.”

“ಅದನ್ನೇ ಹೇಳವ್ವಾ, ಇಂಗ್ಲಿಷ್‌ನ್ಯಾಗ. ಇನ್ನಾ ಆರು ನಿಮಿಷ ಅವ.”

ಪರೀಕ್ಷಕರು ಹುಬ್ಬೇರಿಸಿ ಮರಾಠಿಯಲ್ಲಿ, ವಿಷಯ ಬದಲಾಯಿತಲ್ಲ ಎಂದರು. “ಇಲ್ಲ ಸರ್, ವಿಷಯ ಈಗ ಶುರುವಾಯಿತು” ಎಂದರು ಮೇಡಂ, ಅದೇ ಮರಾಠಿಯಲ್ಲಿ.

ನಿಶ್ಮಿತಾ ಕಾಗದ ಕೆಳಗಿಟ್ಟಳು. ಚಳಿ ಹೆಚ್ಚಾದರೆ ನಮ್ಮ ನಾಸಿಕ್ ಹತ್ತಿರದ ದಿಂಡೋರಿಯಲ್ಲಿ ದ್ರಾಕ್ಷಿ ತೋಟದವರು ಬಳ್ಳಿ ಬೆಚ್ಚಗಿರಲೆಂದು ಸಾಲುಗಳ ನಡುವೆ ಬೆಂಕಿ ಹಾಕುತ್ತಾರೆ, ನಮ್ಮಮ್ಮ ಹಿಟ್ಟಿನ ಪಾತ್ರೆಗೆ ರಜಾಯಿ ಹೊದಿಸುತ್ತಾಳೆ, ಎಂದು ತಡವರಿಸುತ್ತ ಶುರು ಮಾಡಿದಳು. ಎಲ್ಲೋ ಕ್ರಿಯಾಪದ ಬಿಟ್ಟುಹೋಯಿತು, ಎಲ್ಲೋ ಕೈಯೇ ಮಾತಾಡಿತು. “ಹೂಂ” ಎಂದ ಗುರುಬಸವ. ಒಮ್ಮೆ ಸುಮ್ಮನಾದ, ಅವಳು ಕೈಚೀಲವನ್ನೇ ಪಾತ್ರೆ ಮಾಡಿ ದುಪ್ಪಟ್ಟಾ ಸುತ್ತಿ ತೋರಿಸಿದಳು. “ಹೂಂ.”

ಪರೀಕ್ಷಕರಿಗೆ ತಡೆಯಲಾಗಲಿಲ್ಲ. ಮುಚ್ಚಳ ತೆಗೆಯದೆ ಉಬ್ಬಿದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ಅಮ್ಮ ಮೂಗಿನಿಂದ ನೋಡುತ್ತಾಳೆ ಎಂದಳು ಇಂಗ್ಲಿಷಿನಲ್ಲಿ. ತರಗತಿ ನಕ್ಕಿತು, ಅವಳೂ ನಕ್ಕಳು.

ಇಪ್ಪತ್ತಕ್ಕೆ ಹದಿಮೂರು ಬಂತು. ಸ್ಟಾಫ್ ರೂಮಿಗೆ ಓಡಿದಳು. “ಹದಿಮೂರೇನಾ ಮೇಡಂ?”

“ಆರು ನಿಮಿಷ ಭಾಳ ಛಲೋ ಹೇಳಿದಿ. ಮೊದಲಿನ ಎರಡು ನಿಮಿಷ ಯಾರ ಮಾತೋ ಏನೋ! ಅದಕ್ಕ ನಿನಗ ಹ್ಯಾಂಗ ಅಂಕ ಕೊಡ್ಲಿ?”

ಹೊರಗೆ ಬಂದು ನಾಸಿಕ್‌ಗೆ ಫೋನ್ ಮಾಡಿದಳು. ಪಾಸಾದೆ, ಹಿಟ್ಟಿನ ಬಗ್ಗೆ ಹೇಳಿದೆ, ಹದಿಮೂರು ಬಂತು ಎಂದಳು. ಆಚೆಯಿಂದ ಹೋಟೆಲಿನ ಗದ್ದಲದ ಮೇಲೆ ಅಪ್ಪನ ದನಿ ಕೇಳಿಸಿತು: “ಹಿಟ್ಟಿಗೆ ಬರೀ ಹದಿಮೂರಾ? ಅಮ್ಮನ್ನೇ ಕಳಿಸಿದ್ರೆ ಇಪ್ಪತ್ತೂ ಬರ್ತಿತ್ತು, ಮಾರಾಯ್ತಿ!”