ಅಲ್ಲಿ ಹೂಂಗುಟ್ಟುವವರು ಯಾರು?

ಮೊದಲೇ ಹೇಳಿಬಿಡುತ್ತೇನೆ, ನನಗೆ ಜಂಬ ಸ್ವಲ್ಪ ಜಾಸ್ತಿ. ಪಾಂಡವಪುರದ ಹೈಸ್ಕೂಲಿನ ಡ್ರಾಯಿಂಗ್ ಟೀಚರಿಗೆ ಜಂಬಪಡಲು ಅವಕಾಶ ಸಿಗುವುದೇ ಅಪರೂಪ. ಗಣಿತದ ಮೇಷ್ಟ್ರಿಗೆ ಪಾಠ ಮುಗಿಯದಿದ್ದಾಗಲೆಲ್ಲ ನನ್ನ ಪೀರಿಯಡ್ಡನ್ನು ಒಂದು ಮಾತೂ ಕೇಳದೆ ಎತ್ತಿಕೊಂಡು ಹೋಗುತ್ತಾರೆ. ಹಾಗಾಗಿ ಸಿಕ್ಕ ಅವಕಾಶವನ್ನು ನಾನು ಬಿಡುವವಳಲ್ಲ. ತೊಂಬತ್ತರ ದಶಕದ ನಡುವೆ ಒಂದು ವಾರ, ಬೆಳಗೊಳದ ನಮ್ಮ ಮನೆಗೆ ಒಂದಲ್ಲ, ಎರಡು ಫಾರಿನ್ ಲಕೋಟೆಗಳು ಬಂದವು. ಹದಿನೈದು ದಿನ ಅವನ್ನು ವ್ಯಾನಿಟಿ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿದೆ. ಬಸ್ಸಿನಲ್ಲಿ ಕಂಡಕ್ಟರಿಗೆ ಚಿಲ್ಲರೆ ಕೊಡುವ ನೆಪದಲ್ಲಿ ಅವು ಒಂದಿಷ್ಟು ಹೊರಗೆ ಇಣುಕುವ ಹಾಗೆ ನೋಡಿಕೊಂಡೆ. ಕಂಡಕ್ಟರ್ ಏನೂ ಕೇಳಲಿಲ್ಲ ಎಂಬುದು ಬೇರೆ ಮಾತು.

ಎರಡೂ ಕಾಮಿಕ್ಸ್ ಸಮ್ಮೇಳನಗಳ ಕರೆಯೋಲೆ. ಒಂದು ಜಪಾನಿನ ಮಹಾನಗರದ್ದು, ನಮ್ಮ ಕೆ.ಆರ್.ಪೇಟೆಯಂಥ ಐದು ಪೇಟೆಗಳು ಹಿಡಿಸುವಷ್ಟು ದೊಡ್ಡ ಕಟ್ಟಡದ ಫೋಟೋ ಅದರ ಜೊತೆಗಿತ್ತು. ಇನ್ನೊಂದು ಬೆಲ್ಜಿಯಂ ದೇಶದ ಒಂದು ಪುಟ್ಟ ಊರಿನದು. ಆ ಊರಿನ ಹೆಸರನ್ನು ನಮ್ಮ ಯಜಮಾನರು ಇವತ್ತಿಗೂ ಮೂರು ಥರ ಹೇಳುತ್ತಾರೆ. ಖರ್ಚೆಲ್ಲ ಕರೆದವರದೇ. ತೊಂದರೆ ಇಷ್ಟೇ: ಎರಡೂ ಸಮ್ಮೇಳನ ಬಿದ್ದದ್ದು ಒಂದೇ ವಾರದಲ್ಲಿ.

ನಾನು ಕಾಮಿಕ್ಸ್ ಬರೆಯುವವಳಾದದ್ದು ಹೇಗೆ ಅಂತೀರಾ? ಊರೂರಿನಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದ ಕಾಲ ಅದು. ಶನಿವಾರ ಮಧ್ಯಾಹ್ನ ನಮ್ಮೂರ ಹಾಲಿನ ಡೈರಿಯ ಜಗಲಿಯ ಮೇಲೆ ಹೆಂಗಸರಿಗೆ ಪಾಠ ಹೇಳುವ ಕೆಲಸ ನನಗೆ ಬಿತ್ತು. ಬೆಳಗಿನಿಂದ ಗದ್ದೆಯಲ್ಲಿ ದುಡಿದು ಬಂದವರು ಅ, ಆ, ಇ, ಈ ದಾಟುವುದರೊಳಗೆ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಒಂದು ದಿನ ರೇಗಿಹೋಗಿ ಯಜಮಾನರ ಹಳೇ ಪಂಚೆಯನ್ನು ಹರಡಿ, ಅದರ ಮೇಲೆ ಚೌಕ ಚೌಕವಾಗಿ ಗೆರೆ ಎಳೆದು, ಒಂದೊಂದು ಚೌಕದಲ್ಲೂ ಒಂದು ಎಮ್ಮೆ ಬರೆದೆ. ತನ್ನ ಹಾಲಿಗೆ ನೀರು ಬೆರೆಸುತ್ತಾರೆಂದು ಸಿಟ್ಟಾಗಿ ಡೈರಿಗೇ ದೂರು ಕೊಡಲು ಹೊರಟ ಎಮ್ಮೆ. ಅದರ ಬಾಯಿಂದ ಹೊರಟ ಗುಳ್ಳೆಗಳಲ್ಲಿ ದಪ್ಪ ದಪ್ಪ ಅಕ್ಷರ. ಇದು ಕಥೆಯ ಡೈರಿ, ನಮ್ಮೂರ ಡೈರಿಯಲ್ಲ ಎಂದು ಪ್ರತಿ ಸಲ ಮೊದಲೇ ಹೇಳುತ್ತಿದ್ದೆ, ಏಕೆಂದರೆ ಸೆಕ್ರೆಟರಿ ಅಲ್ಲೇ ಕೂತಿರುತ್ತಿದ್ದರು. ಎಮ್ಮೆ ಏನೆಂದಿತು ಎಂದು ತಿಳಿಯುವ ಆಸೆಗೆ ಹೆಂಗಸರು ಮೂರು ತಿಂಗಳಲ್ಲಿ ಓದಲು ಕಲಿತರು. ಚಿತ್ರಕಥೆಗಳ ಬಗ್ಗೆ ಓದುತ್ತಿದ್ದ ಒಬ್ಬ ವಿದೇಶಿ ಹೆಣ್ಣುಮಗಳು ಯಾರೋ ಹೇಳಿದರೆಂದು ನಮ್ಮೂರಿಗೆ ಬಂದು, ಜಗಲಿಯ ಮೇಲೆ ಕೂತು ನಕ್ಕು, ಫೋಟೋ ತೆಗೆದುಕೊಂಡು ಹೋದಳು. ಲಕೋಟೆಗಳು ಬಂದದ್ದು ಅವಳ ದಯೆಯಿಂದ.

ಈಗ ಆಯ್ಕೆ. ನಮ್ಮ ಕಡೆ ಒಂದೇ ಲಗ್ನಕ್ಕೆ ಎರಡು ಮದುವೆ ಬೀಳುವುದು ಹೊಸದೇನಲ್ಲ. ಯಜಮಾನರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರು, ಯಾವ ಕಾಯಿಲೆಗೂ ಅವರಲ್ಲಿ ಔಷಧಿ ಉಂಟು.

"ಇದ್ಕ್ಯಾಕಮ್ಮಿ ಇಷ್ಟ್ ಯೋಚ್ನೆ? ನೀನೊಂದ್ಕಡೀಕೋಗು, ನಾನೊಂದ್ಕಡೀಕೋಗ್ತೀನಿ. ಮೊಕ ತೋರ್ಸ್‌ಬುಟ್ ಬಂದ್ರಾಯ್ತು."

ಅವರು ತಮಾಷೆ ಮಾಡುತ್ತಿರಲಿಲ್ಲ. ಜಪಾನಿಗೆ ಹೋಗಿ, ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಬರುವುದಕ್ಕೆ ಅವರು ನಿಜವಾಗಿ ತಯಾರಿದ್ದರು.

ಕಿಕ್ಕೇರಿಯಿಂದ ಬಂದ ನನ್ನ ತಮ್ಮನ ವಾದ ಬೇರೆ. "ಅಕ್ಕ, ಜಪಾನ್ಗೇ ಓಗು. ಬೆಲ್ಜಿಯಂ ಅಂದ್ರೆ ನಮ್ ಕಿಕ್ಕೇರೀಲಿ ಯಾವನ್ಗೂ ಗೊತ್ತಾಗಕಿಲ್ಲ. ಜಪಾನ್ ಅಂದ್ರೆ ವಾಚು, ರೇಡಿಯೋ, ಎಲ್ಲಾರ್ಗೂ ಗೊತ್ತು. ಏಳ್ಕೊಳ್ಳಕ್ಕಾದ್ರೂ ಬೇಡ್ವಾ?" ನಮ್ಮ ಹೆಡ್ಮಾಸ್ಟರು ಕನ್ನಡಕ ಒರೆಸುತ್ತಾ, "ನೋಡಿ ಮೇಡಂ, ಸಣ್ಣ ಊರಿನವರು ಇನ್ನೊಂದು ಸಣ್ಣ ಊರಿಗೆ ಹೋಗೋದರಲ್ಲಿ ವಿಶೇಷ ಏನಿದೆ?" ಎಂದರು. ಜಂಬದವಳಿಗೆ ಇಂಥ ಮಾತು ಸಾಕು. ನಾನು ಜಪಾನಿಗೆ ಹೋಗುತ್ತೇನೆಂದು ಸ್ಟಾಫ್ ರೂಮಿನಲ್ಲಿ ಹೇಳಿಯೂ ಬಿಟ್ಟೆ.

ಆ ದಿನಗಳಲ್ಲಿ ಕಾಮಿಕ್ಸ್ ಬಗ್ಗೆ ನಾನು ಮಾಡಿದ ಭಾಷಣಗಳನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಅವುಗಳಲ್ಲಿ ತಪ್ಪೇನೂ ಇರಲಿಲ್ಲ. ಕಾಮಿಕ್ಸ್ ಎಂದರೆ ಫಾರಿನ್ ವಸ್ತು ಎಂದು ನಮ್ಮವರು ತಿಳಿದಿದ್ದಾರಲ್ಲ, ಹೊಸಹೊಳಲಿನ ದೇವಸ್ಥಾನವನ್ನು ಬಲಕ್ಕೆ ಸುತ್ತಿ ನೋಡಿ. ಗೋಡೆಯ ಕೆಳಗಿನ ಪಟ್ಟಿಯಲ್ಲಿ ಪುರಾಣದ ಕಥೆ ಅಂಗೈ ಅಗಲದ ಚಿತ್ರಗಳಲ್ಲಿ ಸಾಲಾಗಿ ನಡೆದುಕೊಂಡು ಬರುತ್ತದೆ. ಪ್ರದಕ್ಷಿಣೆ ಮುಗಿದರೆ ಕಥೆಯೂ ಮುಗಿಯಿತು. ಕಾಲಲ್ಲಿ ನಡೆದು ಓದುವ ಕಾಮಿಕ್ಸ್ ಅದು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ ಒಂದಿಡೀ ಯುದ್ಧವನ್ನು ಗೋಡೆಯ ಮೇಲೆ ಬರೆದಿದ್ದಾರೆ. ಅಷ್ಟು ಕುದುರೆ, ಅಷ್ಟು ಮೀಸೆ, ಮಾತಿನ ಗುಳ್ಳೆ ಮಾತ್ರ ಒಂದೂ ಇಲ್ಲ. ಆ ಮಾತನ್ನು ಪಕ್ಕದಲ್ಲಿ ನಿಂತ ಗೈಡು ಹೇಳುತ್ತಾನೆ. ನಮ್ಮಲ್ಲಿ ಚಿತ್ರ ಎಂದರೆ ಪಕ್ಕದಲ್ಲಿ ಹೇಳುವವರೊಬ್ಬರು ಇರಲೇಬೇಕು. ಹೇಳುವವರಿದ್ದರೆ ಕೇಳುವವರು, ಕೇಳುವವರಿದ್ದರೆ ಹೂಂಗುಟ್ಟುವವರು. ಇಷ್ಟೆಲ್ಲ ಭಾಷಣ ಮಾಡಿದವಳಿಗೆ ಆ ಕೊನೆಯ ಮಾತು ಮಾತ್ರ ಕೇಳಿಸಿರಲಿಲ್ಲ.

ನನ್ನ ಎಮ್ಮೆಯ ಕಥೆಗೆ ಹೂಂಗುಟ್ಟುತ್ತಿದ್ದವರು ನಮ್ಮತ್ತೆ ನಿಂಗಮ್ಮ. ಅವರ ತವರು ನಾಗಮಂಗಲದ ಕಡೆಯ ಒಂದು ಹಳ್ಳಿ. ತೊಗಲುಗೊಂಬೆಯವರು ಬಂದು ಪರದೆ ಕಟ್ಟಿದರೆ ಊರಿನವರು ಅತ್ತೆಯ ಅಪ್ಪನನ್ನು ಹುಡುಕಿ ತಂದು ಮುಂದೆ ಕೂರಿಸುತ್ತಿದ್ದರಂತೆ, ಅವರು ಹೂಂಗುಟ್ಟದೆ ಆಟ ಏರುತ್ತಿರಲಿಲ್ಲವಂತೆ. ಆ ವಿದ್ಯೆ ಮಗಳಿಗೂ ಬಂದಿತ್ತು. ನಮ್ಮ ಕಡೆಯವರ ಬಾಯಲ್ಲಿ ಅದು 'ಊಂ'. ನಾನು ಕೋಲು ಹಿಡಿದು ಚೌಕದಿಂದ ಚೌಕಕ್ಕೆ ಹೋದ ಹಾಗೆ ಅತ್ತೆ ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ "ಊಂ" ಅನ್ನುತ್ತಿದ್ದರು. ಮುಂದೆ ಹೇಳು ಎನ್ನುವ ಊಂ ಒಂದು, ನಂಬಿಕೆ ಬರಲಿಲ್ಲ ಎನ್ನುವ ಊಂ ಒಂದು, ನನಗೆ ಮೊದಲೇ ಗೊತ್ತಿತ್ತು ಎನ್ನುವ ಉದ್ದದ ಊಂ ಇನ್ನೊಂದು.

ಮೊದಲು ನಾನು ಬರೆದ ಕಥೆಯಲ್ಲಿ ಎಮ್ಮೆ ಡೈರಿಗೆ ಹೋಗಿ, ಬೈದು, ಕ್ಷಮಿಸಿ, ಮನೆಗೆ ವಾಪಸಾಗುತ್ತಿತ್ತು. ಆ ಚೌಕಕ್ಕೆ ಬಂದಾಗ ಅತ್ತೆ ಸುಮ್ಮನಾದರು. ನನ್ನ ಕೋಲು ಅಲ್ಲೇ ನಿಂತಿತು.

"ಊಂ ಅನ್ನಿ ಅತ್ತೆ."

"ಯಾವ ಸೀಮೆ ಎಮ್ಮೆ ಮೀ ಅದು? ಅಷ್ಟ್ ದೂರ ನಡ್ಕಂಡೋಗಿ ಸುಮ್ಕೆ ಬಂದ್ಬುಡ್ತದಾ?"

ಹೆಂಗಸರೆಲ್ಲ ನಕ್ಕರು. ನಾನು ಆ ಚೌಕದ ಮೇಲೆ ಬೇರೆ ಬಟ್ಟೆ ಹೊಲಿದು ಹೊಸದಾಗಿ ಬರೆದೆ: ಎಮ್ಮೆ ಡೈರಿಯ ಬಾಗಿಲಿಗೆ ಅಡ್ಡಲಾಗಿ ಮಲಗಿಬಿಡುತ್ತದೆ, ಸೆಕ್ರೆಟರಿ ತಾನು ಮಾರುವ ಹಾಲನ್ನು ತಾನೇ ಒಂದು ಲೋಟ ಕುಡಿಯುವತನಕ ಏಳುವುದಿಲ್ಲ. ವಿದೇಶಿ ಹೆಣ್ಣುಮಗಳು ಬಿದ್ದು ಬಿದ್ದು ನಕ್ಕಿದ್ದು ಈ ಚೌಕವನ್ನು ನೋಡಿ. ಫೋಟೋ ತೆಗೆದದ್ದೂ ಇದನ್ನೇ.

ಇಷ್ಟು ಗೊತ್ತಿದ್ದೂ ಜಪಾನಿನವರು ಕಳಿಸಿದ ಫಾರಂನಲ್ಲಿ ನಾನು ಮಾಡಿದ್ದೇನು? ನಮ್ಮ ಇಂಗ್ಲಿಷ್ ಮೇಷ್ಟ್ರು ಅದನ್ನು ಕನ್ನಡಕ್ಕೆ ಇಳಿಸಿ ಕೊಟ್ಟಿದ್ದರು. 'ಚಿತ್ರ ಯಾರದು' ಎಂಬಲ್ಲಿ ನನ್ನ ಹೆಸರು. 'ಕಥೆ ಯಾರದು' ಎಂಬಲ್ಲೂ ನನ್ನದೇ ಹೆಸರು. ಶಾಯಿ ಒಣಗಲಿ ಎಂದು ಕಿಟಕಿಯಲ್ಲಿಟ್ಟು ಒಲೆಯ ಹತ್ತಿರ ಹೋದೆ. ಅತ್ತೆ ಓದಲು ಕಲಿತಮೇಲೆ ಉಪ್ಪಿನ ಪೊಟ್ಟಣ, ಬಸ್ಸಿನ ಬೋರ್ಡು, ಮಾತ್ರೆಯ ಚೀಟಿ, ಯಾವುದನ್ನೂ ಬಿಡುತ್ತಿರಲಿಲ್ಲ. ಇದನ್ನೂ ಬೆರಳಿಟ್ಟು ಓದಿದರು.

"ಚಿ... ತ್ರ... ನೀನೆಯಾ, ಸರಿ. ಕ... ಥೆ... ಇದೂ ನೀನೆಯಾ?"

"ಹೂಂ ಅತ್ತೆ," ಎಂದೆ.

ಅವರು ಕಾಗದವನ್ನು ಇದ್ದಲ್ಲೇ ಇಟ್ಟು ಹಿತ್ತಿಲಿಗೆ ಹೋದರು. ಜಗಳ ಆಡಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ಆ ದಿನದಿಂದ ನಮ್ಮ ಮನೆಯಲ್ಲಿ ಊಂ ನಿಂತುಹೋಯಿತು. ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದರೆ "ಸರಿಯಾಗದೆ" ಎಂದು ಪೂರ್ತಿ ಮಾತು, ಹೊರಗಿನವರಿಗೆ ಹೇಳಿದ ಹಾಗೆ. ಶನಿವಾರ ಜಗಲಿಗೂ ಬರಲಿಲ್ಲ. ನಾನು ಕಲಿಸಿದ ಅಕ್ಷರ ನನ್ನನ್ನೇ ಹಿಡಿದುಹಾಕಿತ್ತು.

ಇರಲಿ, ಜಪಾನಿಗೆ ಒಬ್ಬಳೇ ಹೋಗಬೇಕಲ್ಲ, ಅಭ್ಯಾಸ ಮಾಡೋಣವೆಂದು ಭಾನುವಾರ ಬಾಗಿಲು ಹಾಕಿಕೊಂಡು ಪಂಚೆಯನ್ನು ಗೋಡೆಗೆ ನೇತುಹಾಕಿದೆ. ಮೊದಲ ಚೌಕ ಹೇಳಿದೆ. ಎರಡನೆಯದು ಹೇಳಿದೆ. ಮೂರನೆಯದಕ್ಕೆ ನನ್ನ ದನಿ ನನಗೇ ಹಾಜರಿ ಕರೆದಂತೆ ಕೇಳಿಸಿತು. ಎಮ್ಮೆ ಬರೀ ಇಂಡಿಯನ್ ಇಂಕು. ಕೋಲು ಕೆಳಗಿಟ್ಟು ಮಂಚದ ಮೇಲೆ ಕೂತು ನಾನು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಮಾರನೆಯ ದಿನ ಎರಡೂ ಸಮ್ಮೇಳನಗಳಿಗೆ ಒಂದೇ ಒಕ್ಕಣೆಯ ಕಾಗದ ಬರೆದೆ. "ನನ್ನ ಕಥೆಗೆ ಹೂಂಗುಟ್ಟಲು ಒಬ್ಬರು ಬೇಕು. ಅವರು ನಮ್ಮತ್ತೆ. ಕಥೆಯಲ್ಲಿ ಅರ್ಧ ಅವರದು. ಅವರಿಲ್ಲದೆ ನಾನು ಬಂದರೆ ನಿಮಗೆ ಬರುವುದು ಒಂದು ಹಳೇ ಪಂಚೆ ಮಾತ್ರ." ಹೂಂಗುಟ್ಟುವುದನ್ನು ಇಂಗ್ಲಿಷಿಗೆ ತಿರುಗಿಸಲು ಇಂಗ್ಲಿಷ್ ಮೇಷ್ಟ್ರು ಒಂದು ಪೀರಿಯಡ್ ಪೂರ್ತಿ ತಲೆ ಕೆರೆದುಕೊಂಡರು. ಕೊನೆಗೆ ಅರ್ಧ ಪುಟ ವಿವರಣೆ ಬರೆದರು. ಆ ಪೀರಿಯಡ್ಡು, ಹೇಳಬೇಕಾಗಿಲ್ಲ, ನನ್ನದು.

ಜಪಾನಿನ ಉತ್ತರ ಮೊದಲು ಬಂತು. ಎಂಥ ವಿನಯ ಅವರದು! ಚಿತ್ರಗಾರರು ಕೂರುವ ಒಂದು ಮೇಜಿಗೆ ಒಬ್ಬರೇ ಎಂಬ ನಿಯಮಕ್ಕೆ ಮೂರು ಸಲ ಕ್ಷಮೆ ಕೇಳಿದ್ದರು. ಅಕ್ಕಪಕ್ಕದ ಸಾವಿರ ಮೇಜುಗಳಿಗೆ ತೊಂದರೆಯಾಗದಂತೆ ಸಣ್ಣ ದನಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಳ್ಳಬಹುದು ಎಂದಿದ್ದರು. ಯಜಮಾನರು ಆ ಸಂಜೆಯೇ ಯಾರದೋ ಟೇಪ್ ರೆಕಾರ್ಡರ್ ತಂದು ಅವ್ವನ ಮುಂದೆ ಇಟ್ಟರು. "ಅವ್ವ, ಒಂದಿಪ್ಪತ್ತು ಸಲ ಊಂ ಅಂದ್ಬುಡು."

ಅತ್ತೆ ಪೆಟ್ಟಿಗೆಯನ್ನೂ ಮಗನನ್ನೂ ನೋಡಿದರು. ಆಮೇಲೆ ಎಷ್ಟೋ ದಿನಗಳ ನಂತರ ನನ್ನ ಕಡೆ ತಿರುಗಿ ಮಾತಾಡಿದರು.

"ಕತೆ ಕೇಳ್ದೆ ಎಂಗಮ್ಮಿ ಊಂ ಅನ್ನದು? ನಾನೇನ್ ಕರ ಕಳ್ಕೊಂಡಿರೋ ಹಸಾನಾ?"

ಬೆಲ್ಜಿಯಂ ಉತ್ತರ ಮುಂದಿನ ವಾರ ಬಂತು, ಕೈಬರಹದಲ್ಲಿ. ಬರೆದವಳು ಆ ಊರಿನ ಒಬ್ಬ ಟೀಚರ್. ಸಮ್ಮೇಳನ ನಡೆಯುವುದು ಹಳೆಯ ಕಾಲದ ದವಸದ ಮಂಡಿಯಲ್ಲಂತೆ. ಹೋಟೆಲಿಲ್ಲ, ಇಬ್ಬರೂ ಅವಳ ಮನೆಯ ಮಹಡಿಯಲ್ಲಿ ಇರಬಹುದಂತೆ. ಕೊನೆಯಲ್ಲಿ ಹೀಗೆ ಬರೆದಿದ್ದಳು: "ನಮ್ಮಲ್ಲಿಗೆ ಬರುವ ಚಿತ್ರಗಾರರಲ್ಲಿ ಯಾರಿಗೂ ಇಂಥ ಅತ್ತೆ ಇಲ್ಲ. ಅವರ ಕಥೆಗಳನ್ನೂ ನಿಮ್ಮ ಅತ್ತೆ ಕೇಳುವರೇ?"

ಮೇಷ್ಟ್ರು ಮಾಡಿಕೊಟ್ಟ ಕನ್ನಡವನ್ನು ನಾನು ಜಗಲಿಯ ಮೇಲೆ ನಿಂತು ಗಟ್ಟಿಯಾಗಿ ಓದಿದೆ. ಪ್ರತಿ ವಾಕ್ಯಕ್ಕೂ ನಿಂತು ನೋಡಿದೆ. ದವಸದ ಮಂಡಿ ಎಂಬಲ್ಲಿ ಏನೂ ಇಲ್ಲ. ಮಹಡಿ ಎಂಬಲ್ಲಿ ಏನೂ ಇಲ್ಲ. ಕೊನೆಯ ಸಾಲಿಗೆ ಬಂದಾಗ ಅತ್ತೆ ಎಲೆಯ ತೊಟ್ಟು ಮುರಿಯುತ್ತಾ, ತಲೆ ಎತ್ತದೆ, "ಊಂ" ಅಂದರು.

ನನ್ನ ಆಯ್ಕೆ ಆಗಿಹೋಯಿತು. ಹೆಡ್ಮಾಸ್ಟರು ಒಂದು ತಿಂಗಳು ನನ್ನನ್ನು ಕನಿಕರದಿಂದ ನೋಡಿದರು. ನನ್ನ ತಮ್ಮ ಕಿಕ್ಕೇರಿಯಲ್ಲಿ "ನಮ್ಮಕ್ಕ ಜಪಾನ್ ಬ್ಯಾಡ ಅಂದ್ಲು" ಎಂದು ಹೇಳಿಕೊಂಡು, ಹೋಗಿದ್ದರೆ ಬರುತ್ತಿದ್ದುದಕ್ಕಿಂತ ಹೆಚ್ಚು ಮರ್ಯಾದೆ ಗಿಟ್ಟಿಸಿದ. ಬೆಲ್ಜಿಯಂ ಫಾರಂನಲ್ಲಿ 'ಕಥೆ ಯಾರದು' ಎಂಬಲ್ಲಿ ನಾನು ಅತ್ತೆಯ ಹೆಸರು ಬರೆಯಹೊರಟರೆ ಅವರು ಪೆನ್ನು ಕಿತ್ತುಕೊಂಡರು. "ಬುಡು, ನನ್ನೆಸ್ರು ನಾನೇ ಬರೀತೀನಿ." ನಿಂಗಮ್ಮ ಎಂಬ ಮೂರು ಅಕ್ಷರ ಕೆಳಗಿನ ಎರಡು ಪ್ರಶ್ನೆಗಳನ್ನೂ ನುಂಗಿಕೊಂಡು ಕೂತವು. ನನ್ನ ಜೀವನದಲ್ಲಿ ನಾನು ಕಲಿಸಿದ ಯಾವ ಚಿತ್ರವೂ ಅಷ್ಟು ಚೆನ್ನಾಗಿ ಬಂದಿಲ್ಲ. ಆ ಫಾರಂ ಅಂಚೆಗೆ ಹಾಕುವ ಮುನ್ನ ಅದನ್ನು ಬಸ್ಸಿನಲ್ಲಿ ಕಂಡಕ್ಟರಿಗೇ ಬಿಡಿಸಿ ತೋರಿಸಿದೆ. ಈ ಸಲ ಇಣುಕಿಸುವ ಆಟ ಆಡಲಿಲ್ಲ.

ಹೋಗಿ ಬಂದದ್ದನ್ನು ವಿವರಿಸುವುದಿಲ್ಲ, ಚಳಿಯಿತ್ತು ಅಂದರೆ ಸಾಕು. ಒಂದನ್ನು ಮಾತ್ರ ಹೇಳಲೇಬೇಕು. ನಮ್ಮ ಎಮ್ಮೆ ಮುಗಿದ ಮೇಲೆ ಅಲ್ಲಿಯ ಒಬ್ಬ ವಯಸ್ಸಾದ ಚಿತ್ರಗಾರ ತನ್ನ ಕಥೆ ಹೇಳಲು ನಿಂತ, ಮೀನುಗಾರನೊಬ್ಬನ ಕಥೆ. ಅತ್ತೆ ಮುಂದಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂತು, ಅವನ ಭಾಷೆಯ ಒಂದಕ್ಷರ ಬಾರದಿದ್ದರೂ ಚಿತ್ರ ನೋಡುತ್ತಾ, ದನಿ ಕೇಳುತ್ತಾ, ಊಂ ಅನ್ನುತ್ತಾ ಹೋದರು. ಅವನ ಬೆನ್ನು ನೆಟ್ಟಗಾಯಿತು, ದನಿ ಏರಿತು. ಮುಗಿಯಲು ಎರಡು ಚೌಕ ಇರುವಾಗ ಅತ್ತೆ ಸುಮ್ಮನಾದರು. ಅವನು ಕಾದ. ಅತ್ತೆ ಅಲ್ಲಾಡಲಿಲ್ಲ. ಅವನು ತಿರುಗಿ ಆ ಚಿತ್ರವನ್ನೇ ಬಹಳ ಹೊತ್ತು ನೋಡಿ, ನಮಗೆ ಕಾಗದ ಬರೆದಿದ್ದ ಟೀಚರ್ ಹತ್ತಿರ ಏನೋ ಹೇಳಿದ. ಅವಳು ನನಗೆ ಅರ್ಥವಾಗುವಂಥ ಬಿಡಿ ಬಿಡಿ ಇಂಗ್ಲಿಷಿನಲ್ಲಿ, ಕೈಸನ್ನೆ ಬೆರೆಸಿ ತಿಳಿಸಿದಳು: ಆ ಜಾಗ ಸರಿಯಿಲ್ಲವೆಂದು ಅವನಿಗೂ ಮೊದಲಿನಿಂದ ಅನುಮಾನವಿತ್ತಂತೆ, ಹೇಳುವವರು ಯಾರೂ ಇರಲಿಲ್ಲವಂತೆ. ಆ ದಿನ ನನಗಾದ ಹೆಮ್ಮೆಯ ಮುಂದೆ ಲಕೋಟೆಗಳ ಹೆಮ್ಮೆ ಯಾವ ಲೆಕ್ಕ? ಆಕೆ ನಮ್ಮತ್ತೆ ಎಂದು ಕೂಗಿ ಹೇಳಬೇಕೆನಿಸಿತು. ಕೂಗಿದೆ ಕೂಡ, ಕನ್ನಡದಲ್ಲಿ.

ಬೆಳಗೊಳಕ್ಕೆ ವಾಪಸಾದ ಶನಿವಾರ ಡೈರಿಯ ಜಗಲಿ ತುಂಬಿತ್ತು. ವಿಮಾನ ಹೆಂಗಿತ್ತು, ಊಟ ಏನು ಹಾಕಿದರು, ಅವರ ಕಥೆಗಳು ಹೆಂಗಿದ್ದವು ಎಂದು ಹೆಂಗಸರು ಅತ್ತೆಯನ್ನು ಮುತ್ತಿಕೊಂಡರು. ಅತ್ತೆ ನಿಧಾನವಾಗಿ ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟುಕೊಂಡರು.

"ಕತೆ ಚೆನ್ನಾಗೇ ಏಳ್ತರೆ ಕಣ್ರಮ್ಮಿ," ಅಂದರು. "ಪಾಪ, ಊಂ ಅನ್ನೋರ್ಯಾರೂ ಇರ್ನಿಲ್ಲ ಅವ್ರ್ಗೆ."