ಮಾನಮಿಗೆ ತೊಳೆದ ವಿಡಿಯೋ ಗೇಮ್

ವಿಡಿಯೋ ಗೇಮು ಬಿಸಿಲಿಗೆ ಒಣಗುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಹಿತ್ತಲಿನ ಹಗ್ಗದ ಹೊರಸಿನ ಮೇಲೆ ಹಳೆಯ ಸೀರೆ, ಸೀರೆಯ ನಡುವೆ ಆ ಬಿಳಿ ಡಬ್ಬಿ, ಎಡಬಲಕ್ಕೆ ಎರಡು ರಿಮೋಟು, ಮುಂದೆ ಸಂಡಿಗೆ ಇಟ್ಟ ಹಾಗೆ ಹಳದಿ ಕ್ಯಾಸೆಟ್ಟುಗಳ ಸಾಲು. ಕ್ಯಾಸೆಟ್ಟು ತೊಳೆದೇ ಇರಲಿಲ್ಲ, ಅವು ಗೋಡೆಯ ಗೂಡಿನಲ್ಲೇ ಇದ್ದವು ಎನ್ನುತ್ತಾನೆ ಅಣ್ಣ. ಅವನು ಆ ದಿನ ಊರಲ್ಲೇ ಇರಲಿಲ್ಲ. ನಾನು ಊರಲ್ಲಿದ್ದೆ, ಆದರೆ ಆ ಹೊತ್ತಿಗೆ ಶಾಲೆಯಲ್ಲಿದ್ದೆನೇನೋ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ, ಎರಡನೆಯ ಸಾಕ್ಷಿ ಸಿಗುವ ತನಕ ಮೊದಲನೆಯದನ್ನು ನಂಬಬೇಡಿ ಎಂದು ಕಲಿಸಿದ್ದರು. ನನ್ನ ಎರಡನೆಯ ಸಾಕ್ಷಿ ಅತ್ತಿಗೆ. ಕೇಳಿದರೆ ಆಕೆ ನಗುತ್ತಾಳೆ, ಅಷ್ಟೆ.

ಸಂಶಯವಿಲ್ಲದ್ದನ್ನು ಮೊದಲು ಬರೆದುಬಿಡುತ್ತೇನೆ. ಕೊಪ್ಪಳ ಜಿಲ್ಲೆಯಾಗಿ ಹೆಚ್ಚು ದಿನವಾಗಿರಲಿಲ್ಲ. ನಮ್ಮ ಮನೆ ಕುಷ್ಟಗಿಯಲ್ಲಿ. ಅಣ್ಣ ಗಿಣಿಗೇರಾದ ಹತ್ತಿರ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ. ಅಲ್ಲೇ ಗೆಳೆಯರ ಜೊತೆ ಕೋಣೆ ಮಾಡಿಕೊಂಡು, ವಾರದ ರಜೆಗೆ ಮನೆಗೆ ಬರುತ್ತಿದ್ದ. ಟಿ.ವಿ.ಗೆ ಹಚ್ಚಿ ಆಡುವ ಆ ಗೇಮನ್ನು ಕೆಲಸ ಸಿಕ್ಕ ಹೊಸದರಲ್ಲಿ ತಂದದ್ದು. ಬಂದ ರಾತ್ರಿಯೇ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಸಿಕ್ಕಿಸಿ ಕೂಡುತ್ತಿದ್ದ. ಕುಲುಮೆಯ ಕಾವಿಗೆ ಕಪ್ಪಾದ ಮುಖದಲ್ಲಿ ಆಗ ಮಾತ್ರ ನನಗೆ ಗೊತ್ತಿದ್ದ ಅಣ್ಣ ಕಾಣುತ್ತಿದ್ದ. ಆ ಬೇಸಿಗೆಯಲ್ಲಿ ಅವನ ಮದುವೆಯಾಯಿತು. ಅತ್ತಿಗೆ ಕಾಲುವೆ ನೀರಿನ ಕಡೆಯವಳು, ಗಂಗಾವತಿಯ ಆಚೆ ಸಿದ್ದಾಪುರದವಳು.

ಮಾನಮಿ ಎಂದರೆ ಮಹಾನವಮಿ. ಆ ಹಬ್ಬದ ಅಮಾವಾಸ್ಯೆಗೆ ಮುಂಚೆ ನಮ್ಮ ಕಡೆ ಮನೆಯ ಎಲ್ಲ ಸಾಮಾನು ಹೊರಗೆ ಬರಬೇಕು. ಹಾಸಿಗೆ, ಹೊದಿಕೆ, ಡಬ್ಬಿ, ದೇವರ ಸಾಮಾನು, ಅಟ್ಟದ ಮೇಲಿನ ಮುರಿದ ತೊಟ್ಟಿಲು ಕೂಡ. ನವರಾತ್ರಿಗೆ ದೇವಿಯ ಘಟ ಹಾಕುವ ದಿನ ಮನೆಯಲ್ಲಿ ಕೈ ಮುಟ್ಟದ ಸಾಮಾನು ಉಳಿಯಬಾರದು. ಆದರೆ ಕುಷ್ಟಗಿಯಲ್ಲಿ ನೀರು ಯಾವಾಗಲೂ ಎಣಿಕೆಯದ್ದು. ನಮ್ಮಲ್ಲಿ ಅರ್ಧ ಸಾಮಾನನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದನ್ನೇ ತೊಳೆದದ್ದು ಎನ್ನುತ್ತೇವೆ. ಅತ್ತಿಗೆಯ ತವರಲ್ಲಿ ಕಾಲುವೆಗೆ ಒಯ್ದು ಮುಳುಗಿಸಿ ತೆಗೆದರೇ ತೊಳೆದಂತೆ. ಅದು ಆಕೆಗೆ ಗಂಡನ ಮನೆಯಲ್ಲಿ ಮೊದಲ ಮಾನಮಿ. ಅವ್ವ ಅಡುಗೆಮನೆಗೆ ಸುಣ್ಣ ಹಚ್ಚುತ್ತ, ಪಡಸಾಲೆಯ ಸಾಮಾನು ನೀ ತೊಳಿಯವಾ ಎಂದಳು. ಆಕೆ ತೊಳೆದಳು. ಗಂಡನ ಪ್ರೀತಿಯ ಸಾಮಾನೆಂದು ಅದಕ್ಕೆ ಬೇರೆ ತಗಡಿನ ಬುಟ್ಟಿಯಲ್ಲಿ ಹೊಸ ನೀರು, ಸೋಪಿನ ಪುಡಿ ಹಾಕಿ, ಸಂದಿಗೊಂದಿಗೆಲ್ಲ ಹಳೆಯ ಹಲ್ಲುಜ್ಜುವ ಬ್ರಶ್ಶು ಹಾಕಿ ತಿಕ್ಕಿ ತೊಳೆದಳು. ಇದನ್ನು ಆಕೆಯೇ ಮುಂದೆ ಹೇಳಿದ್ದು, ಹಾಗಾಗಿ ನಂಬುತ್ತೇನೆ.

ರಜೆಗೆ ಬಂದ ಅಣ್ಣ ಗೇಮು ಹಚ್ಚಿದ. ಹತ್ತಲಿಲ್ಲ. ಎತ್ತಿ ಅಲುಗಾಡಿಸಿದ. ಒಳಗಿನಿಂದ ನೀರು ಅವನ ಮೊಣಕೈ ಮೇಲೆ ಇಳಿಯಿತು. ಮೂಸಿ ನೋಡಿ, ಸೋಪಿನ ವಾಸನಿ ಎಂದ. ಅತ್ತಿಗೆ ಹಿತ್ತಲಲ್ಲಿದ್ದಳು. ಅವ್ವ ಒಂದೇ ಹೆಜ್ಜೆಗೆ ಬಂದು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಅವನನ್ನೂ ನನ್ನನ್ನೂ ಅಡುಗೆಮನೆಗೆ ಕರೆದುಕೊಂಡು ಹೋದಳು. ಗೋಡೆಯ ಹಸಿ ಸುಣ್ಣ ನನ್ನ ಬೆನ್ನಿಗೆ ಹತ್ತಿತು.

ಅಣ್ಣನಿಗೆ ಸಿಟ್ಟು ಬಂದಿರಲಿಲ್ಲ, ಅಥವಾ ಬಂದದ್ದು ನನಗೆ ನೆನಪಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಟಿ.ವಿ. ರಿಪೇರಿಯವನಿಗೆ ಕೊಟ್ಟರಾಯಿತು ಎಂದ, ಅಷ್ಟೆ.

"ಆಂವ ಬಿಚ್ಚಿ, ನೀರು ಹೆಂಗ ಹೋತು ಅಂತ ಕೇಳ್ತಾನ. ಏನ್ ಹೇಳ್ತಿ?" ಎಂದಳು ಅವ್ವ.

"ಇದ್ದದ್ದ ಹೇಳಿದ್ರಾತು."

"ಹೇಳು. ಸಂಜಿ ಆಗೂದ್ರಾಗ ಓಣಿ ತುಂಬ ಆಗ್ತೈತಿ. ಉಪ್ಪಿನ ಹೋಳಿಗಿಯಾಕಿನ್ನ ಮರತೀಯೇನ?"

ಉಪ್ಪಿನ ಹೋಳಿಗಿಯಾಕಿ ನಮ್ಮ ಓಣಿಯ ಅಜ್ಜಿ. ಮದುವೆಯಾಗಿ ಬಂದ ಹೊಸದರಲ್ಲಿ ಹೂರಣಕ್ಕೆ ಕೈ ತಪ್ಪಿ ಉಪ್ಪು ಸುರಿದಿದ್ದಳಂತೆ. ಆಮೇಲೆ ಜೀವನಪೂರ್ತಿ ಹಬ್ಬ, ಮದುವೆ, ಮುಂಜಿವೆಗೆಲ್ಲ ಹೋಳಿಗೆ ಮಾಡಿ ಬಡಿಸಿದಳು. ಮೊಮ್ಮಕ್ಕಳಾದರೂ ಹೆಸರು ಹೋಗಲಿಲ್ಲ. ಹೊಸದಾಗಿ ಬಂದ ಹೆಣ್ಣಿನ ಮೊದಲ ತಪ್ಪು ಯಾವುದೋ ಅದೇ ಆಕೆಯ ಹೆಸರು. ನಮ್ಮ ಓಣಿಯ ಪದ್ಧತಿ ಅದು. ಅವ್ವನಿಗೂ ಅಂಥದ್ದೊಂದು ಹೆಸರಿತ್ತು ಎಂದು ನನಗೀಗ ಅನಿಸುತ್ತದೆ. ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ. ಅದಿಲ್ಲದೆ ಅಷ್ಟು ಹೆದರುತ್ತಿದ್ದಳೇ?

ಹೀಗೆ ರಿಪೇರಿಯ ಮಾತು ನಿಂತಿತು. ಕರೆಂಟು ಒಮ್ಮೆಲೆ ಜಾಸ್ತಿ ಬಂದು ಗೇಮು ಸುಟ್ಟಿದೆ ಎಂದು ಅತ್ತಿಗೆಗೆ ಹೇಳುವುದೆಂದಾಯಿತು. ಕುಷ್ಟಗಿಯಲ್ಲಿ ಅದನ್ನು ಯಾರು ಬೇಕಾದರೂ ನಂಬುತ್ತಿದ್ದರು. ಅಪ್ಪನಿಗೂ ಅದನ್ನೇ ಹೇಳಿದರು. ಆತ ವಿದ್ಯುತ್ ಇಲಾಖೆಯವರಿಗೆ ಬೈದು ಹೊಲಕ್ಕೆ ಹೋದ. ಅಣ್ಣನಿಗೆ ಮಾತ್ರ ಸಮಾಧಾನವಿರಲಿಲ್ಲ. ಪ್ರತಿ ರಜೆಗೂ ಅವ್ವನ ಹಿಂದೆ ಬಿದ್ದು, ಕೊಪ್ಪಳಕ್ಕೆ ಒಯ್ಯಲೇ, ಅಲ್ಲಿ ನಮ್ಮನ್ನು ಯಾರು ಬಲ್ಲರು ಎನ್ನುತ್ತಿದ್ದ. ಕೊಪ್ಪಳದಲ್ಲಿ ಸೋದರಮಾವನ ಮನೆಯಿತ್ತು. ಯಲಬುರ್ಗಾ ಎಂದ. ಅಲ್ಲಿ ದೊಡ್ಡಮ್ಮ. ಗಂಗಾವತಿಯಂತೂ ಬೀಗರ ಸಂತೆಯ ಊರು. ನೆಂಟರಿಲ್ಲದ ರಿಪೇರಿ ಅಂಗಡಿ ಇಡೀ ಜಿಲ್ಲೆಯಲ್ಲೇ ಇರಲಿಲ್ಲ. ಗೇಮು ಟ್ರಂಕಿನ ಹಿಂದೆ ಕೂತಿತು. ಸಂಜೆ ಅಣ್ಣ ಸುಮ್ಮನೆ ಟಿ.ವಿ. ಮುಂದೆ ಕೂತು ಸುದ್ದಿ ನೋಡುತ್ತಿದ್ದ. ಅತ್ತಿಗೆ ಬಾಗಿಲಲ್ಲಿ ನಿಂತು ಅವನನ್ನು ನೋಡುತ್ತಿದ್ದಳು. ಈ ಎರಡನ್ನೂ ನಾನು ನೋಡಿದ್ದೇನೆ ಅನಿಸುತ್ತದೆ. ಮುಂದಾದದ್ದು ಗೊತ್ತಿರುವುದರಿಂದ ಹೀಗೆ ಜೋಡಿಸಿಕೊಂಡಿರಲೂಬಹುದು.

ದೀಪಾವಳಿಗೆ ಅತ್ತಿಗೆ ತವರಿಗೆ ಹೋದಳು. ಅಣ್ಣನಿಗೆ ರಜೆ ಸಿಕ್ಕದ್ದು ಹಬ್ಬದ ದಿನವಷ್ಟೇ. ಆಕೆ ಮೊದಲೇ ಹೋಗುವಾಗ ಸೀರೆಗಳ ನಡುವೆ ಗೇಮನ್ನು ಇಟ್ಟುಕೊಂಡಿದ್ದಳು. ರಿಪೇರಿ ಮಾಡಿಸಿ, ಹಬ್ಬಕ್ಕೆ ಬಂದ ಗಂಡನ ಕೈಗೆ ಕೊಡಬೇಕೆಂಬ ಆಸೆ. ಗಂಗಾವತಿಯಲ್ಲಿ ರಿಪೇರಿಯವನು ಅದನ್ನು ಬಿಚ್ಚಿ, ಒಳಗೆ ಗಟ್ಟಿಯಾಗಿ ಕೂತ ಸೋಪಿನ ಬಿಳಿ ಪುಡಿ ನೋಡಿ, ಇದಕ್ಕೆ ಯಾರೋ ಜಳಕ ಮಾಡಿಸ್ಯಾರ ನೋಡ್ರಿ ಎಂದನಂತೆ. ಆಕೆ ಅದನ್ನು ಹಾಗೇ ಮುಚ್ಚಿಸಿಕೊಂಡು ತಂದಳು. ಹಬ್ಬದಲ್ಲಿ ಅಣ್ಣನಿಗೆ ಒಂದು ಮಾತೂ ಹೇಳಲಿಲ್ಲ.

ಕುಷ್ಟಗಿಗೆ ಮರಳಿದ ದಿನ ಕಾಲು ತೊಳೆದುಕೊಂಡು ಒಳಗೆ ಬಂದವಳು ಗೇಮನ್ನು ಅವ್ವನ ಮುಂದಿಟ್ಟಳು. ಅವ್ವ ಹಿಟ್ಟು ನಾದುತ್ತಿದ್ದಳು. ನಾನು ಪಕ್ಕದಲ್ಲಿದ್ದೆ. ಇದಕ್ಕೆ ನನಗೆ ಎರಡನೆಯ ಸಾಕ್ಷಿ ಬೇಕಿಲ್ಲ.

"ನಿಮಗ ಮೊದ್ಲ ಗೊತ್ತಿತ್ತೇನ್ರಿ ಅತ್ತಿ?"

ಅವ್ವ ಹಿಟ್ಟಿನಿಂದ ಕೈ ತೆಗೆಯಲಿಲ್ಲ. ಹೋಗಲಿ ಬಿಡವಾ, ಸಾಮಾನು ಕೆಟ್ಟರೆ ಕೆಟ್ಟಿತು, ನಿನಗ್ಯಾರು ಏನಂದರು ಎಂದಳು. ಮೆತ್ತಗೆ ಹೇಳಿದಳು. ಅತ್ತಿಗೆಯ ಹತ್ತಿರ ಆಕೆ ಯಾವಾಗಲೂ ಹಾಗೇ ಮಾತಾಡುತ್ತಿದ್ದಳು.

"ಯಾರೂ ಏನೂ ಅನ್ನಲಿಲ್ಲ, ಅದನ್ನ ಕೇಳಾಕತ್ತೀನ್ರಿ. ಇಕಿ ತೊಳದಿದ್ರ ಸುಮ್ನ ಬಿಡ್ತಿದ್ರ್ಯಾ?" ಎಂದು ನನ್ನತ್ತ ಕೈ ಮಾಡಿದಳು. "ನನಗೊಬ್ಬಾಕಿಗೆ ಮುಚ್ಚಿಟ್ಟು ಎಲ್ಲಾರೂ ಕೂಡಿ ಮಾತಾಡೀರಿ. ನಾ ಇನ್ನೂ ಬೀಗರ ಪೈಕಿನೇನ್ರಿ?"

ನಾವೆಲ್ಲ ಆಕೆಯ ಮರ್ಯಾದೆ ಉಳಿಸಿದೆವು ಎಂದುಕೊಂಡಿದ್ದೆವು. ಆಕೆಗೆ ತನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದಂತಾಗಿತ್ತು. ನನಗೆ ಆಗಲೇ ಇಷ್ಟೆಲ್ಲ ಹೊಳೆಯಿತೆಂದು ಬರೆದರೆ ಸುಳ್ಳಾಗುತ್ತದೆ. ನನಗೆ ಹೆದರಿಕೆಯಾಯಿತು, ಅಷ್ಟೆ.

ಅವ್ವ ಆಕೆಯತ್ತ ತಿರುಗಿದಳು. ಆಮೇಲೆ ಹಿಟ್ಟಿನ ಕೈಯನ್ನೇ ಎತ್ತಿ ಸುರು ಮಾಡಿದಳು.

"ಕಣ್ಣು ಎಲ್ಲಿ ಇಟ್ಟಿದ್ದೇ ನೀನು? ವಾಯರ್ ಇದ್ದದ್ದನ್ನ ಯಾರರ ನೀರಾಗ ಅದ್ದತಾರನ? ನಾಳಿ ಟಿ.ವಿ.ಗೆ ಎಣ್ಣಿ ಹಚ್ಚಿ ಎರೀತಿ, ನಾಡದ ಮೀಟರಿಗೆ ಸೀಗಿಕಾಯಿ ಹಾಕ್ತಿ. ಕಾಲುವಿ ನೀರು ತಲಿಗೇರೇತಿ ನಿನಗ. ನನ್ನ ಮಗ ಒಂದ್ ತಿಂಗ್ಳಾತು ಗರ ಬಡದಂಗ ಸುದ್ದಿ ನೋಡಾಕತ್ಯಾನ. ತುಂಬಿದ ಕೊಡ ಎರಡು ಹಾಳು ಮಾಡಿದ್ದು ಬ್ಯಾರೆ!"

ಅತ್ತಿಗೆ ತಲೆ ತಗ್ಗಿಸಿ ನಿಂತಿದ್ದಳು. ಅಳುತ್ತಿದ್ದಾಳೆಂದುಕೊಂಡೆ. ಮೀಟರಿನ ಮಾತಿಗೆ ಭುಜ ಕುಣಿಯಿತು. ಅವ್ವ ಬೈಯುವುದನ್ನು ಬಿಡಲಿಲ್ಲ. ಕೂಡಿಟ್ಟ ಬೈಗುಳವೆಲ್ಲ ಖಾಲಿಯಾಗುವ ತನಕ ಬೈದು, ಕೊನೆಗೆ, ಈ ರಜಾಕ್ಕ ಗಂಡನ್ನ ಕರಕೊಂಡು ನೀನ ರಿಪೇರಿಗೆ ಕೊಟ್ಟು ಬಾ, ಯಾರರ ಕೇಳಿದರೆ ಇದ್ದದ್ದು ಹೇಳು ಎಂದು ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಬಸ್ ಸ್ಟ್ಯಾಂಡಿನವನಿಗೇ ಕೊಟ್ಟರು. ಅವ್ವ ಹೇಳಿದಂತೆ ಸಂಜೆಯೊಳಗೆ ಓಣಿಗೆ ಗೊತ್ತಾಯಿತು. ನಳದ ಮುಂದೆ ಒಬ್ಬಳು, ಗೇಮು ತೊಳದಾಕಿ ಬಂದ್ಲು ಜಾಗ ಬಿಡ್ರಿ ಎಂದಳು. ನಿಮ್ಮನಿ ಟಿ.ವಿ. ಧೂಳು ತಿಂದೈತಂತ, ಕಳಿಸ್ರಿ, ತೊಳದು ಕೊಡ್ತೀನಿ ಎಂದು ಅತ್ತಿಗೆ ಕೊಡ ಇಟ್ಟಳು. ಹೆಸರು ಎಷ್ಟು ದಿನ ಉಳಿಯಿತೋ ಸರಿಯಾಗಿ ನೆನಪಿಲ್ಲ. ಈಗಲೂ ಓಣಿಯ ಕೆಲವು ಮುದುಕಿಯರು ಹಾಗೇ ಕರೆಯುತ್ತಾರೆ ಎನ್ನುತ್ತಾನೆ ಅಣ್ಣ.

ಗೇಮು ಒಂದೇ ರಿಮೋಟಿನ ಮೇಲೆ ನಡೆಯುವಷ್ಟು ದುರಸ್ತಿಯಾಯಿತು. ಟ್ಯಾಂಕಿನ ಆಟವನ್ನು ಅಣ್ಣ ಅತ್ತಿಗೆಗೆ ಕಲಿಸಿದ. ಅವನು ಗಿಣಿಗೇರಾಕ್ಕೆ ಹೋದ ಮೇಲೆ ನಾವಿಬ್ಬರೂ ಆ ಒಂದು ರಿಮೋಟಿಗೆ ಜಗಳಾಡುತ್ತಿದ್ದೆವು. ಆಕೆ ತನ್ನ ಕೋಟೆಗೆ ತಾನೇ ಗುಂಡು ಹೊಡೆದು, ಇದು ಲೆಕ್ಕಕ್ಕಿಲ್ಲ ಎಂದು ವಾದ ಮಾಡುತ್ತಿದ್ದಳು. ರೊಟ್ಟಿ ಆರಾಕತ್ಯಾವ, ಏಳ್ರೇ ಖೋಡಿಗೋಳಾ ಎಂದು ಅವ್ವ ಒಳಗಿನಿಂದ ಕೂಗುತ್ತಿದ್ದಳು. ಇಬ್ಬರೂ ಏಳುತ್ತಿರಲಿಲ್ಲ.