ಭಟ್ಟರು ಮಲಗಿದರೆ ಹೋಟೆಲ್ ಮುಳುಗುತ್ತದಂತೆ

ಫ್ರೆಂಡ್ಸ್, ಇವತ್ತು ಮುಂಬಯಿಯ ವಿಕ್ರೋಳಿಯಲ್ಲಿರುವ ಒಂದು ಉಡುಪಿ ಹೋಟೆಲಿಗೆ ಹೋಗಿದ್ದೆವು. ಬೆಂಕಿಯೆದುರು ದುಡಿಯುವವರ ರಕ್ತನಾಳಗಳು ಎಷ್ಟು ಗಡುಸಾಗಿವೆ ಎಂದು ಅಳೆಯುವ ಸಂಶೋಧನೆ ನಮ್ಮದು. ಯಂತ್ರ ನಡೆಸುವವಳು ನಾನು. ಅಳೆಯುವ ಮೊದಲು ಹತ್ತು ನಿಮಿಷ ಸುಮ್ಮನೆ ಮಲಗಿರಬೇಕು, ಇಲ್ಲದಿದ್ದರೆ ಅಳತೆ ತಪ್ಪಾಗುತ್ತದೆ.

ನಮ್ಮನ್ನು ಕರೆಸಿದ್ದು ಮಾಲೀಕರೇ. ಬಾಗಿಲಿಗೆ ತಮ್ಮ ಫೋಟೊ ಹಾಕಿ, 'ಕಾರ್ಮಿಕರ ಆರೋಗ್ಯವೇ ನಮ್ಮ ಭಾಗ್ಯ' ಎಂದು ಬ್ಯಾನರ್ ಬೇರೆ ಕಟ್ಟಿಸಿದ್ದರು. ದೋಸೆ ಭಟ್ಟರು ಮೇಲಿನ ಕೋಣೆಯಲ್ಲಿ ಮಲಗಿ ಎರಡು ನಿಮಿಷವೂ ಆಗಿರಲಿಲ್ಲ, ಮಾಲೀಕರು ಬಾಗಿಲು ತಳ್ಳಿಕೊಂಡು ಬಂದರು.

"ಏನು ಭಟ್ರೇ, ಡ್ಯೂಟಿ ಟೈಮಲ್ಲಿ ಮಲಗುದಾ? ನೀವು ಹೀಗೆ ಮಲಗಿದ್ರೆ ಹೋಟೆಲ್ ಮುಳುಗ್ತದೆ."

"ಟೆಸ್ಟಿಗೆ ಮಲಗಲೇಬೇಕು ಸರ್," ಎಂದೆ.

"ನಿಲ್ಲಿಸಿಯೇ ಮಾಡಿ ಮೇಡಂ. ದೋಸೆ ನಿಂತೇ ಹೊಯ್ಯುದಲ್ವಾ ಅವ್ರು?"

ಭಟ್ಟರು ಎದ್ದು ಕಾವಲಿಯ ಮುಂದೆ ಹೋಗಿ ನಿಂತರು. ಅವರ ಟೆಸ್ಟ್ ಆಗಲೇ ಇಲ್ಲ.

ಹಾಸಿಗೆ ಖಾಲಿಯಾದದ್ದು ಕಂಡು ಮಾಲೀಕರು, "ನಂದೂ ಒಮ್ಮೆ ನೋಡಿ," ಎನ್ನುತ್ತ ಮಲಗಿದರು. ಸ್ವಲ್ಪ ಹೊತ್ತಿಗೇ ಗೊರಕೆ ಶುರುವಾಯಿತು. ಟೆಸ್ಟ್ ಮುಗಿದ ಮೇಲೂ ಒಂದು ಗಂಟೆ ಮಲಗಿದ್ದರು.

ಕೆಳಗೆ ಹೋಟೆಲ್ ಆರಾಮಾಗಿ ನಡೆಯುತ್ತಿತ್ತು. ಧಣಿಗಳು ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ.